ಬ್ಲೇಡಿನ ಬೆನ್ನಿಗೊಂದು ತಗಡು: ಕಾರ್ಮಿಕ ಇಲಾಖೆಗೆ ಬಡಗಿಯೊಬ್ಬನ ಬಹಿರಂಗ ಪತ್ರ

ಕಾರ್ಮಿಕ ಇಲಾಖೆಯ ಮಾನ್ಯ ಅಧಿಕಾರಿಗಳಿಗೆ, ಹಾಗೆಯೇ ಮನೆ ಕಟ್ಟಿಸುತ್ತಿರುವ, ಇಂಟೀರಿಯರ್ ಮಾಡಿಸುತ್ತಿರುವ ಎಲ್ಲರಿಗೂ ನಮಸ್ಕಾರ.

ನಾನು ಸಾಗರ ತಾಲ್ಲೂಕಿನಲ್ಲಿ ಮರಗೆಲಸ ಮಾಡುವವನು. ಇಪ್ಪತ್ತೆಂಟು ವರ್ಷ ಆಯಿತು. ಒಂದು ಶೆಡ್ಡು, ಒಂದು ಟೇಬಲ್ ಸಾ (ಮೇಜಿನ ನಡುವಿನಿಂದ ದುಂಡು ಬ್ಲೇಡು ಮೇಲೆದ್ದು ಮರ ಕೊಯ್ಯುವ ಮಷಿನ್), ಒಂದು ಪ್ಲೇನಿಂಗ್ ಮಷಿನ್, ನಾನು, ಇಬ್ಬರು ಹುಡುಗರು. ನನ್ನ ಎಡಗೈ ತೋರುಬೆರಳಿಗೆ ತುದಿಯ ಗೆಣ್ಣು ಇಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಾಗ ಪಕ್ಕದವರು ಎಲೆ ಒರೆಸುತ್ತಾ ನನ್ನ ಕೈ ನೋಡುತ್ತಾರೆ. ಆಮೇಲೆ "ನೀವು ಆಚಾರ್ರಾ?" ಅಂತ ಕೇಳುತ್ತಾರೆ. ಬೆರಳು ನೋಡಿ ಕಸುಬು ಹೇಳುವಷ್ಟು ಇದು ಮಾಮೂಲಾಗಿದೆ. ಈ ಪತ್ರ ಬರೆಯುವುದಕ್ಕೆ ಆ ಮಾಮೂಲೇ ಕಾರಣ.

ಆಗ ನನಗೆ ಇಪ್ಪತ್ತಮೂರು. ಶಿವಮೊಗ್ಗದಲ್ಲಿ ಒಂದು ಮನೆ ಕೆಲಸ. ಟೇಬಲ್ ಸಾ ಅಂತ ಇದ್ದದ್ದು ಮೇಸ್ತ್ರಿಯೇ ಸೈಟಿನಲ್ಲಿ ಮಾಡಿಕೊಂಡಿದ್ದು. ಪ್ಲೈವುಡ್ ಶೀಟಿನ ನಡುವೆ ಸೀಳು ಕೊರೆದು, ಕೈಯಲ್ಲಿ ಹಿಡಿಯುವ ಕಟ್ಟರನ್ನು ಅಡಿಯಿಂದ ತಲೆಕೆಳಗಾಗಿ ಸ್ಕ್ರೂ ಹೊಡೆದು ಕೂರಿಸಿದ್ದರು. ಬ್ಲೇಡು ಮಾತ್ರ ಮೇಲೆ. ಕಟ್ಟರಿನ ಸ್ವಿಚ್ಚು ಒತ್ತಿ ಹಿಡಿದರೆ ತಿರುಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಕಂಪನಿಯವರು ಹಾಗೆ ಮಾಡಿರುವುದು ನಮ್ಮ ಒಳ್ಳೆಯದಕ್ಕೇ. ಆದರೆ ಟೇಬಲಿನ ಅಡಿಗೆ ಕೂತು ಒತ್ತಿ ಹಿಡಿಯುವವರು ಯಾರು? ಬೈಂಡಿಂಗ್ ವೈರಿನಿಂದ ಬಿಗಿದು ಕಟ್ಟಿದ್ದರು. ಆನ್ ಆಫ್ ಎಲ್ಲ ಗೋಡೆಯ ಬೋರ್ಡಿನಲ್ಲಿ. ಅದಕ್ಕೂ ಪ್ಲಗ್ ಇಲ್ಲ. ಎರಡು ವೈರು ತೂರಿಸಿ ಬೆಂಕಿಕಡ್ಡಿ ಸಿಕ್ಕಿಸಿದ್ದು, ಅಷ್ಟೆ.

ಮಳೆಗಾಲ. ಸಂಜೆ ಕರೆಂಟ್ ಹೋಯಿತು. ಅರ್ಧ ಕೊಯ್ದ ರೀಪರು, ಅಂದರೆ ಮರದ ಪಟ್ಟಿ, ಬ್ಲೇಡಿಗೆ ಸಿಕ್ಕಿಕೊಂಡು ನಿಂತಿತ್ತು. ಟೀ ಕುಡಿದು ಬಂದೆ. ಕರೆಂಟ್ ಬರುವುದರೊಳಗೆ ರೀಪರು ಬಿಡಿಸಿಡೋಣ ಅಂತ ಕೈ ಹಾಕಿದೆ. ಬೋರ್ಡಿನ ಸ್ವಿಚ್ ಹಾಕಿದ್ದು ಹಾಕಿದ ಹಾಗೇ ಇತ್ತು. ಮರೆತಿದ್ದೆ ಅಂತ ಆಮೇಲೆ ಎಲ್ಲರ ಹತ್ತಿರ ಹೇಳಿದೆ. ಅದು ಪೂರ್ತಿ ನಿಜ ಅಲ್ಲ. ಕರೆಂಟ್ ಹೋದಾಗ ಸ್ವಿಚ್ ಆಫ್ ಮಾಡಬೇಕು ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲು ತಲೆ ಮೇಲಿನ ಬಲ್ಬು ಹೊತ್ತಿದ್ದು ಕಂಡಿತು. ಆಮೇಲೆ ಶಬ್ದ. ನೋವು ಬಂದಿದ್ದು ಎಷ್ಟೋ ಹೊತ್ತಾದ ಮೇಲೆ.

ಮನೆ ಮಾಲೀಕರು ಆಸ್ಪತ್ರೆ ಬಿಲ್ಲು ಕಟ್ಟಿದರು, ಬಸ್ ಚಾರ್ಜಿಗೆ ದುಡ್ಡು ಕೊಟ್ಟರು. ಅವರನ್ನು ನಾನು ದೂರುವುದಿಲ್ಲ. ಮೇಸ್ತ್ರಿ "ಮೈಮೇಲೆ ಜ್ಞಾನ ಬೇಡ್ವೇನೋ" ಅಂತ ಬೈದರು. ಮಾರನೇ ದಿನ ಅದೇ ಟೇಬಲಿಗೆ ಬೇರೆ ಹುಡುಗ ನಿಂತ.

ಮೈಮೇಲೆ ಜ್ಞಾನ, ಜಾಗ್ರತೆ, ಹುಷಾರು. ನಮ್ಮ ಕಸುಬಿನಲ್ಲಿ ಸುರಕ್ಷತೆ ಅಂದರೆ ಈ ಮೂರೇ ಪಾಠ. ಹತ್ತು ಇಂಚಿನ ಬ್ಲೇಡು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಅದರ ಹಲ್ಲು ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ತಲೆಕೆಳಗೆ ಕಟ್ಟುತ್ತಾರಲ್ಲ, ಆ ನಾಲ್ಕು ಇಂಚಿನ ಮಾರ್ಬಲ್ ಕಟ್ಟರು ಬರೀ ಕೈಯಳತೆಯ ಮಷಿನ್. ಕಲ್ಲು ಕೊಯ್ಯುವುದಕ್ಕೆ ಮಾಡಿದ್ದು. ನಿಮಿಷಕ್ಕೆ 12,000 ಸುತ್ತು ತಿರುಗುತ್ತದೆ. ಅದರ ಹಲ್ಲಿನ ವೇಗ ಗಂಟೆಗೆ ಸುಮಾರು 230 ಕಿಲೋಮೀಟರ್ ಆಗುತ್ತದೆ. ಇದರ ಎದುರು ಮನುಷ್ಯನ ಹುಷಾರು ಎಷ್ಟು ಹೊತ್ತು ನಿಂತೀತು? ಬೆಳಿಗ್ಗೆಯಿಂದ ನೂರೈವತ್ತು ರೀಪರು ಸೀಳಿದವನಿಗೆ ಸಂಜೆ ಐದಕ್ಕೆ ಕಣ್ಣು ಮಂಜಾಗಿರುತ್ತದೆ. ಅದು ಸೋಮಾರಿತನ ಅಲ್ಲ, ಅಲ್ವಾ?

ನನ್ನ ಬೆರಳು ಉಳಿಸಬಹುದಾಗಿದ್ದ ವಸ್ತು ಒಂದು ಸ್ವಿಚ್ಚು. ಕರೆಂಟ್ ಹೋದ ಕೂಡಲೇ ತಾನೇ ಆಫ್ ಆಗುತ್ತದೆ. ಕರೆಂಟ್ ಬಂದರೂ ಹಸಿರು ಗುಂಡಿಯನ್ನು ಮತ್ತೆ ಒತ್ತುವವರೆಗೆ ಮಷಿನ್ ಸುಮ್ಮನಿರುತ್ತದೆ. ಅಂಗಡಿಯಲ್ಲಿ ನೋ ವೋಲ್ಟ್ ಸ್ವಿಚ್ ಅಂತ ಕೇಳಿದರೆ ಕೊಡುತ್ತಾರೆ. ಒಂದು ಒಳ್ಳೆ ಪ್ಲೈವುಡ್ ಶೀಟಿಗಿಂತ ಕಡಿಮೆ ದುಡ್ಡು. ಕರೆಂಟ್ ದಿನಕ್ಕೆ ನಾಲ್ಕು ಸಲ ಹೋಗಿ ಬರುವ ನಮ್ಮಂಥ ಊರಿನಲ್ಲಿ ಇದಿಲ್ಲದ ಮಷಿನ್ ಮಾರುವುದೇ ತಪ್ಪು ಅಂತ ನನಗನ್ನಿಸುತ್ತದೆ.

ಇನ್ನು ಬ್ಲೇಡಿನ ಬೆನ್ನಿಗಿರಬೇಕಾದ ತಗಡಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮರ ಕೊಯ್ಯುವವರಲ್ಲೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ನಮ್ಮ ಕಡೆ ಈಗ ಸಾಗುವಾನಿ ಹಾಕಿಸುವವರು ಕಡಿಮೆ. ಶೆಡ್ಡಿಗೆ ಬರುವುದೆಲ್ಲ ಅಕೇಶಿಯಾ, ಇಲ್ಲ ಕಾಫಿ ತೋಟದ ಸಿಲ್ವರ್ ಓಕ್. ಬೇಗ ಬೆಳೆದ ಮರ. ಒಳಗೆ ಬಿಗಿ ಇರುತ್ತದೆ. ಉದ್ದಕ್ಕೆ ಸೀಳುತ್ತಾ ಹೋದ ಹಾಗೆ ಆ ಬಿಗಿ ಬಿಚ್ಚಿಕೊಳ್ಳುತ್ತದೆ. ಕೆಲವು ಹಲಗೆ ಸೀಳಿದ ಜಾಗದಲ್ಲಿ ಬಾಯಿ ಬಿಡುತ್ತದೆ, ಕೆಲವು ಬಾಯಿ ಮುಚ್ಚುತ್ತದೆ. ಮುಚ್ಚಿದರೇ ಕಷ್ಟ. ಬ್ಲೇಡಿನ ಮುಂಭಾಗದ ಹಲ್ಲುಗಳು ಕೆಳಕ್ಕೆ ಇಳಿಯುತ್ತವೆ, ಮರವನ್ನು ಟೇಬಲಿಗೆ ಅದುಮಿ ಹಿಡಿಯುತ್ತವೆ. ಹಿಂಭಾಗದ ಹಲ್ಲುಗಳು ಮೇಲಕ್ಕೆ ಏಳುತ್ತವೆ. ಸೀಳು ಮುಚ್ಚಿಕೊಂಡು ಮರ ಆ ಹಿಂದಿನ ಹಲ್ಲಿಗೆ ತಾಗಿತೋ, ಹಲಗೆಯನ್ನು ಎತ್ತಿ, ನಿಂತವನ ಹೊಟ್ಟೆಯ ಕಡೆಗೇ ಎಸೆಯುತ್ತದೆ. ನಾವು ಇದಕ್ಕೆ "ಒದೆಯಿತು" ಅನ್ನುತ್ತೇವೆ. ಹಲಗೆ ನೇರಕ್ಕೆ ಓಡಲಿ ಅಂತ ಬ್ಲೇಡಿನ ಪಕ್ಕ ಇರುವ ಗೈಡ್ ಪಟ್ಟಿಯಿಂದ ಒಂದಿಷ್ಟು ಓರೆಯಾದರೂ ಇದೇ ಗತಿ. ಎದೆಗೆ ಬಡಿಯುವುದು ಒಂದು ಅಪಾಯ. ಇನ್ನೊಂದು ಜನಕ್ಕೆ ಹೊಳೆಯುವುದಿಲ್ಲ. ಹಲಗೆಯ ಮೇಲೆ ಇಟ್ಟ ಕೈ ಹಲಗೆಯ ಜೊತೆಗೇ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ಕೈ ಬ್ಲೇಡಿನ ಆಚೆ ಬದಿಗಿದ್ದರೆ ಎಳೆದ ದಾರಿಯಲ್ಲಿ ಬ್ಲೇಡೇ ಇರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ.

ನನ್ನ ಶೆಡ್ಡಿನ ಹಿಂದಿನ ತಗಡಿನ ಗೋಡೆಯಲ್ಲಿ ಒಂದು ತೂತಿದೆ. ಮೂರಡಿ ಸಿಲ್ವರ್ ಓಕ್ ಪಟ್ಟಿ ಒದ್ದು ಹೋಗಿ ಮಾಡಿದ್ದು. ಅವತ್ತು ನಾನು ಬ್ಲೇಡಿನ ನೇರಕ್ಕೆ ನಿಂತಿರಲಿಲ್ಲ, ಅರ್ಧ ಹೆಜ್ಜೆ ಎಡಕ್ಕಿದ್ದೆ. ತೂತು ಮುಚ್ಚಿಸಿಲ್ಲ. ಹೊಸ ಹುಡುಗ ಕೆಲಸಕ್ಕೆ ಬಂದರೆ ಮೊದಲು ಅದರಲ್ಲಿ ಬೆರಳು ತೂರಿಸಿ ನೋಡು ಅನ್ನುತ್ತೇನೆ. ಆಮೇಲೆ ಎಲ್ಲಿ ನಿಲ್ಲಬೇಕು ಅಂತ ಎರಡನೇ ಸಲ ಹೇಳುವುದು ಬೇಕಾಗಿಲ್ಲ.

ಒದೆಯುವುದನ್ನು ತಡೆಯುವುದು ಬ್ಲೇಡಿನ ಬೆನ್ನಿಗೆ ನಿಲ್ಲುವ ಒಂದು ಉಕ್ಕಿನ ತಗಡು. ಇಂಗ್ಲಿಷಿನಲ್ಲಿ ರಿವಿಂಗ್ ನೈಫ್. ನಾವು ಸುಮ್ನೆ ಬೆನ್ನುತಗಡು ಅನ್ನುತ್ತೇವೆ. ಬ್ಲೇಡಿನ ದುಂಡಿಗೆ ಸರಿಯಾಗಿ ಬಾಗಿರುತ್ತದೆ. ಸೀಳಿನೊಳಗೆ ನಿಂತು ಮರ ಬಾಯಿ ಮುಚ್ಚದ ಹಾಗೆ ನೋಡಿಕೊಳ್ಳುತ್ತದೆ. ಅದರ ದಪ್ಪ ಬ್ಲೇಡಿನ ತಗಡಿಗಿಂತ ಸ್ವಲ್ಪ ಜಾಸ್ತಿ ಇರಬೇಕು, ಹಲ್ಲು ಕೊರೆಯುವ ಸೀಳಿಗಿಂತ ಸ್ವಲ್ಪ ಕಡಿಮೆ ಇರಬೇಕು. ಹತ್ತು ಇಂಚಿನ ಬ್ಲೇಡು ಸಾಮಾನ್ಯವಾಗಿ ಮೂರು ಮಿಲಿಮೀಟರ್ ಚಿಲ್ಲರೆ ಸೀಳು ಕೊಡುತ್ತದೆ. ಎರಡೂವರೆ ಮಿಲಿಮೀಟರಿನ ತಗಡು ಅದರಲ್ಲಿ ಸಲೀಸಾಗಿ ಕೂರುತ್ತದೆ. ಒಳ್ಳೆ ಮಷಿನಿನಲ್ಲಿ ಬ್ಲೇಡು ಏರಿಳಿದಂತೆ ತಗಡೂ ಏರಿಳಿಯುತ್ತದೆ. ಬ್ಲೇಡಿನ ನೆತ್ತಿಗಿಂತ ಕೂದಲಷ್ಟು ಕೆಳಗೇ ಇರುವುದರಿಂದ ಹಲಗೆಯಲ್ಲಿ ಅರ್ಧ ಆಳದ ಗ್ರೂವ್ ಹೊಡೆಯುವಾಗಲೂ ತೆಗೆಯುವ ತಾಪತ್ರಯವಿಲ್ಲ.

ಬ್ಲೇಡನ್ನು ಮೇಲಿಂದ ಮುಚ್ಚುವ ಗಾರ್ಡ್ ಕಥೆ ಬೇರೆ. ಗ್ರೂವ್ ಹೊಡೆಯುವಾಗ ಅದನ್ನು ತೆಗೆಯಲೇಬೇಕು. ಅಗ್ಗದ ಮಷಿನುಗಳಲ್ಲಿ ಅದು ಅಲ್ಲಾಡುತ್ತದೆ, ಗೆರೆ ಕಾಣಿಸುವುದಿಲ್ಲ. ಒಮ್ಮೆ ತೆಗೆದದ್ದು ವಾಪಸ್ ಹೋಗುವುದಿಲ್ಲ. ನನಗೆ ಗೊತ್ತಿರುವ ಒಂದು ಶೆಡ್ಡಿನಲ್ಲಿ ಗಾರ್ಡ್ ಅಟ್ಟದ ಮೇಲಿದೆ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಕೆಳಗಿಳಿಸಿ, ಧೂಳು ಹೊಡೆದು, ಕುಂಕುಮ ಇಟ್ಟು, ಬ್ಲೇಡಿನ ಮುಂದೆ ನಿಂಬೆಹಣ್ಣು ಕೊಯ್ದು, ಮಾರನೇ ದಿನ ಮತ್ತೆ ಅಟ್ಟಕ್ಕೆ. ನಗಬೇಡಿ, ಐದಾರು ವರ್ಷದ ಹಿಂದೆ ನನ್ನದೂ ಅಟ್ಟದ ಮೇಲೇ ಇತ್ತು.

ಅಧಿಕಾರಿಗಳೇ, ಈ ತಗಡು ನಿಮಗೆ ಹೊಸದಲ್ಲ. ಕಾರ್ಖಾನೆ ನಿಯಮಗಳಲ್ಲಿ ಮರಗೆಲಸದ ಯಂತ್ರಗಳಿಗೆ ಅಂತಲೇ ಒಂದು ಅನುಸೂಚಿ ಇದೆ. ಬ್ಲೇಡಿನ ಹಿಂದೆ, ಅದರ ನೇರಕ್ಕೆ, ಹಲ್ಲಿಗೆ ಎಷ್ಟು ಸಾಧ್ಯವೋ ಅಷ್ಟು ಹತ್ತಿರ ತಗಡು ಇರಬೇಕು ಅಂತ ಅದರಲ್ಲಿದೆ. ಮೇಲೆ ಗಾರ್ಡ್ ಇರಬೇಕು, ಟೇಬಲಿನ ಅಡಿಯ ಬ್ಲೇಡಿಗೆ ಎರಡೂ ಕಡೆ ಮರೆ ಇರಬೇಕು, ಪ್ರತಿ ಮಷಿನಿಗೂ ಕೈ ಬದಲು ಹಲಗೆ ತಳ್ಳುವ ತಳ್ಳುಕೋಲು ಇಡಬೇಕು, ತರಬೇತಿ ಇಲ್ಲದವನನ್ನು ನಿಲ್ಲಿಸಬಾರದು ಅಂತಲೂ ಇದೆ. ಓದಿದಾಗ ನನಗೆ ಆಶ್ಚರ್ಯ ಆಯಿತು. ಬರೆದವರು ಟೇಬಲ್ ಸಾ ಮುಂದೆ ನಿಂತು ನೋಡಿಯೇ ಬರೆದಿದ್ದಾರೆ.

ಆದರೆ ಇದೆಲ್ಲ ಕಾರ್ಖಾನೆಗೆ. 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಕರೆಂಟಿನ ಮಷಿನ್ ಇರುವ ಜಾಗ ಕಾರ್ಖಾನೆ ಅನ್ನಿಸಿಕೊಳ್ಳಬೇಕಾದರೆ ಅಲ್ಲಿ ಹತ್ತು ಜನ ಕೆಲಸದವರು ಬೇಕಿತ್ತು. 2020ರ ಕಾರ್ಮಿಕರ ಸುರಕ್ಷತೆಯ ಹೊಸ ಸಂಹಿತೆ ಅದನ್ನು ಇಪ್ಪತ್ತು ಮಾಡಿತು. ನಮ್ಮ ತಾಲ್ಲೂಕಿನಲ್ಲಿ ಇಪ್ಪತ್ತು ಜನ ಇರುವ ಮರಗೆಲಸದ ಶೆಡ್ಡು ನಾನು ನೋಡಿಲ್ಲ. ಇಬ್ಬರು, ಮೂವರು, ಜಾಸ್ತಿ ಅಂದರೆ ಆರು. ಸೈಟುಗಳಲ್ಲೂ ಅಷ್ಟೇ. ಅಂದರೆ ನಮ್ಮ ಬ್ಲೇಡಿಗೆ ತಗಡು ಬೇಕು ಅಂತ ಕೇಳುವ ಅಧಿಕಾರ ಇರುವವರು ನಮ್ಮ ಬಾಗಿಲಿಗೆ ಬರುವುದೇ ಇಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಕಾನೂನು ಇಟ್ಟು ನೋಡಿ. 1923ರ ನೌಕರರ ಪರಿಹಾರ ಕಾಯ್ದೆ; 2025ರ ನವೆಂಬರಿನಿಂದ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಆ ಹಳೆ ಕಾಯ್ದೆಯ ಕೊನೆಯಲ್ಲಿ ಬೆರಳುಗಳ ಪಟ್ಟಿ ಇತ್ತು. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 30 ನಷ್ಟ. ತೋರುಬೆರಳು ಪೂರ್ತಿ ಹೋದರೆ ಶೇ. 14. ನಡುಬೆರಳಿಗೆ 12. ಉಂಗುರ ಬೆರಳು, ಕಿರುಬೆರಳಿಗೆ ಏಳೇಳು. ನನ್ನದು ತೋರುಬೆರಳಿನ ಒಂದು ಗೆಣ್ಣು, ಶೇ. 9. ತಿಂಗಳಿಗೆ 15,000 ಸಂಬಳದ ಲೆಕ್ಕ ಹಿಡಿದರೆ, ಮೂವತ್ತು ವರ್ಷದವನ ತೋರುಬೆರಳಿಗೆ ಮಾಲೀಕ ಎರಡೂವರೆ ಲಕ್ಷದ ಮೇಲೆ ಕೊಡಬೇಕಾಗುತ್ತಿತ್ತು. ಹೀಗೊಂದು ಪಟ್ಟಿ ಇದೆ ಅಂತ ನನಗೆ ಗೊತ್ತಾಗಿದ್ದು ಬೆರಳು ಹೋಗಿ ಹದಿನೈದು ವರ್ಷ ಆದ ಮೇಲೆ. ಆ ಮಾತು ಬಿಡಿ. ಈ ಕಾಯ್ದೆ ಹತ್ತು ಜನ, ಇಪ್ಪತ್ತು ಜನ ಅಂತ ಎಣಿಸುತ್ತಿರಲಿಲ್ಲ. ಒಬ್ಬನೇ ಕೆಲಸದವನಿದ್ದರೂ ಅವನಿಗೆ ಪರಿಹಾರ ಕೇಳುವ ಹಕ್ಕಿತ್ತು. ಬೆರಳು ಹೋದ ಮೇಲೆ ದುಡ್ಡು ಕೊಡಿಸುವ ಕಾನೂನಿಗೆ ತಲೆಯೆಣಿಕೆ ಬೇಡ, ಬೆರಳು ಹೋಗದ ಹಾಗೆ ನೋಡಿಕೊಳ್ಳುವ ಕಾನೂನಿಗೆ ಬೇಕು. ಇದು ಯಾವ ನ್ಯಾಯ ಅಂತ ನೀವೇ ಹೇಳಿ.

ಹಾಗಂತ ಇನ್‌ಸ್ಪೆಕ್ಟರುಗಳನ್ನು ಕಳಿಸಿ ಶೆಡ್ಡು ಮುಚ್ಚಿಸಿ ಅಂತ ನಾನು ಕೇಳುತ್ತಿಲ್ಲ. ದಂಡದ ರಸೀದಿ ಬಂದರೆ ನಾವು ಮಷಿನ್ ಮೇಲೆ ಟಾರ್ಪಾಲು ಮುಚ್ಚುತ್ತೇವೆ, ತಗಡು ಹಾಕುವುದಿಲ್ಲ. ನಮ್ಮ ಜಾತಿಯೇ ಅಂಥದು ಅಂದುಕೊಳ್ಳಿ. ನಾನು ಕೇಳುವುದು ಬೇರೆ. ಈಗಾಗಲೇ ದುಡ್ಡು ಹರಿಯುತ್ತಿರುವ ಕಾಲುವೆಯಲ್ಲೇ ಇದನ್ನೂ ಹರಿಸಿ.

ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ಕ್ಕೆ ಶುರುವಾಯಿತು. 18 ಕಸುಬುಗಳ ಪಟ್ಟಿಯಲ್ಲಿ ಬಡಗಿಗಳೂ ಇದ್ದೇವೆ. ಉಪಕರಣ ಕೊಳ್ಳುವುದಕ್ಕೆ 15,000 ರೂಪಾಯಿವರೆಗೆ ವೋಚರ್, ತರಬೇತಿಗೆ ಬಂದರೆ ದಿನಕ್ಕೆ 500 ರೂಪಾಯಿ. ಒಳ್ಳೆಯ ಯೋಜನೆ. ಕೇಂದ್ರದ್ದು, ಗೊತ್ತು. ಆದರೆ ತರಬೇತಿ ನಡೆಯುವುದು ನಮ್ಮ ಜಿಲ್ಲೆಗಳಲ್ಲೇ. ಆ ಐದಾರು ದಿನದಲ್ಲಿ ಒಂದು ದಿನವನ್ನು ಟೇಬಲ್ ಸಾ ಮುಂದೆ ಕಳೆಸಿ. ಸ್ಲೈಡ್ ತೋರಿಸಬೇಡಿ. ತಗಡು ಹಾಕಿ ಒಂದು ಹಲಗೆ, ತೆಗೆದು ಒಂದು ಹಲಗೆ, ಗೊತ್ತಿದ್ದವರೇ ನಿಂತು ಕೊಯ್ದು ತೋರಿಸಲಿ, ನೋಡುವವರು ದೂರ ನಿಲ್ಲಲಿ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಅಲ್ಲಿ ಮರಗೆಲಸದ ತರಬೇತಿ ಕೇಂದ್ರವೂ ಇದೆ, ಒಳ್ಳೊಳ್ಳೆ ಮಷಿನುಗಳೂ ಇವೆ. ಅವರ ಕೈಯಲ್ಲಿ ಹತ್ತು ನಿಮಿಷದ ವಿಡಿಯೋ ಮಾಡಿಸಿ, ಕನ್ನಡದಲ್ಲೂ ಹಿಂದಿಯಲ್ಲೂ. ಬೆಂಗಳೂರಿನ ಇಂಟೀರಿಯರ್ ಕೆಲಸದಲ್ಲಿ ಈಗ ರಾಜಸ್ಥಾನ, ಉತ್ತರ ಪ್ರದೇಶದ ಹುಡುಗರೇ ಜಾಸ್ತಿ. ಅವರ ಬೆರಳೂ ಬೆರಳೇ.

ಕಟ್ಟಡ ಕಾರ್ಮಿಕರ ಮಂಡಳಿ ಇನ್ನೊಂದು ದಾರಿ. ದೊಡ್ಡ ಕಟ್ಟಡಗಳ ವೆಚ್ಚದ ಮೇಲೆ ಹಾಕುವ ಸೆಸ್ ಅಲ್ಲಿಗೆ ಹೋಗುತ್ತದೆ, ಬಡಗಿಗಳೂ ಅಲ್ಲಿ ನೋಂದಣಿ ಮಾಡಿಸುತ್ತೇವೆ. ಕಿಟ್ ಕೊಡುವುದಾದರೆ ಅದರಲ್ಲಿ ಒಂದು ನೋ ವೋಲ್ಟ್ ಸ್ವಿಚ್ ಇರಲಿ, ಒಂದು ತಳ್ಳುಕೋಲು ಇರಲಿ. ದಯವಿಟ್ಟು ಗ್ಲೌಸ್ ಒಂದೇ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ತಿರುಗುವ ಬ್ಲೇಡಿನ ಮುಂದೆ ಗ್ಲೌಸ್ ಹಾಕುವುದು ಬರಿಗೈಗಿಂತ ಕೆಟ್ಟದ್ದು. ಬರಿಗೈಗೆ ತಾಗಿದರೆ ಕೊಯ್ಯುತ್ತದೆ. ಗ್ಲೌಸಿನ ಎಳೆ ಹಲ್ಲಿಗೆ ಸಿಕ್ಕರೆ ಇಡೀ ಕೈಯನ್ನೇ ಒಳಗೆಳೆಯುತ್ತದೆ. ಹೆಗಲ ಮೇಲಿನ ಟವೆಲ್ಲು, ತುಂಬುತೋಳು, ಮಣಿಕಟ್ಟಿನ ಕಾಶಿ ದಾರ ಎಲ್ಲದಕ್ಕೂ ಇದೇ ಮಾತು. ದಾರ ಬಿಚ್ಚು ಅಂದರೆ ನಮ್ಮ ಹುಡುಗರು ಅಮ್ಮ ಕಟ್ಟಿದ್ದು ಅನ್ನುತ್ತಾರೆ. ಮೊಣಕೈ ಮೇಲಕ್ಕೆ ಕಟ್ಟಿಕೋ ಮಾರಾಯ, ದೇವರು ಅಲ್ಲೂ ಇರುತ್ತಾನೆ ಅಂತ ಒಪ್ಪಿಸಿದ್ದೇನೆ.

ಅಮೆರಿಕದಲ್ಲಿ ಸ್ಟೀಫನ್ ಗ್ಯಾಸ್ ಅನ್ನುವವರು 1999ರಲ್ಲಿ ಒಂದು ಉಪಾಯ ಯೋಚಿಸಿದರು. ಬ್ಲೇಡಿಗೆ ಚರ್ಮ ತಾಗಿದರೆ ಮಷಿನಿಗೆ ಗೊತ್ತಾಗಿ, ಒಂದು ಅಲ್ಯೂಮಿನಿಯಂ ತುಂಡು ಬ್ಲೇಡಿಗೆ ಕಚ್ಚಿಕೊಂಡು, ಸೆಕೆಂಡಿನ ಸಾವಿರದಲ್ಲಿ ಐದು ಭಾಗದಷ್ಟರಲ್ಲಿ ನಿಂತುಬಿಡುತ್ತದೆ. ಸಾಸ್ಟಾಪ್ ಅಂತ ಹೆಸರು. ಮಾಂಸದ ಸಾಸೇಜ್ ಇಟ್ಟು ತೋರಿಸುವ ವಿಡಿಯೋ ನೀವೂ ನೋಡಿರಬಹುದು. ನಮ್ಮ ಹುಡುಗರು ಅದನ್ನು ಫೋನಿನಲ್ಲಿ ನೋಡಿ "ನಮಗೂ ತರಿಸಿ ಅಣ್ಣ" ಅನ್ನುತ್ತಾರೆ. ಅದರ ಬೆಲೆಗೆ ನನ್ನ ಇಡೀ ಶೆಡ್ಡನ್ನೇ ಮಾರಬೇಕಾದೀತು. ನಾನು ನಿಮ್ಮಲ್ಲಿ ಅಷ್ಟೆಲ್ಲ ಕೇಳುತ್ತಿಲ್ಲ.

ಈಗ ಮನೆ ಕಟ್ಟಿಸುವವರಿಗೆ ಎರಡು ಮಾತು. ನಿಮ್ಮ ಸೈಟಿನಲ್ಲಿ ಕೆಲಸ ನಡೆಯುವಾಗ ಲ್ಯಾಮಿನೇಟ್ ಬಣ್ಣ ನೋಡುವುದಕ್ಕೆ ಹೋಗುತ್ತೀರಲ್ಲ, ಆಗ ಒಮ್ಮೆ ಬಗ್ಗಿ ಟೇಬಲಿನ ಅಡಿ ನೋಡಿ. ಕಟ್ಟರಿನ ಸ್ವಿಚ್ಚು ವೈರಿನಲ್ಲೋ ಟ್ಯಾಗಿನಲ್ಲೋ ಕಟ್ಟಿದ್ದರೆ ಕೆಲಸ ನಿಲ್ಲಿಸಿ. ಕಂಟ್ರಾಕ್ಟರ್ "ಎಲ್ಲಾ ಕಡೆ ಹೀಗೇ ಸಾರ್" ಅಂದೇ ಅನ್ನುತ್ತಾರೆ. ಕೊಟೇಶನ್ನಿನಲ್ಲಿ ಚದರಡಿಗೆ ಐವತ್ತು ರೂಪಾಯಿ ಇಳಿಸಿ ಅಂತ ಹಟ ಹಿಡಿಯುವಾಗ ಅವರು ಇಳಿಸುವುದು ಎಲ್ಲಿಂದ ಅಂತಲೂ ಯೋಚಿಸಿ. ಪ್ಲೈವುಡ್ಡಿನ ಬ್ರ್ಯಾಂಡ್ ನೀವು ನೋಡುತ್ತೀರಿ, ಅದರಲ್ಲಿ ಇಳಿಸುವ ಹಾಗಿಲ್ಲ. ಟೇಬಲ್ ಯಾರೂ ನೋಡುವುದಿಲ್ಲ. ದೇವರ ದಯೆಯಿಂದ ಏನೂ ಆಗದಿರಲಿ. ಆದರೂ ಆದರೆ, ತುಂಡಾದ ಬೆರಳನ್ನು ನೇರವಾಗಿ ಐಸಿಗೆ ಹಾಕಬೇಡಿ. ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಆ ಕವರನ್ನು ಐಸಿನ ಮೇಲಿಟ್ಟು, ಗಾಯವಾದವನ ಜೊತೆಗೇ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ನನ್ನದನ್ನು ಯಾರೂ ಹುಡುಕಲೇ ಇಲ್ಲ. ಹೊಟ್ಟಿನ ರಾಶಿಯಲ್ಲೆಲ್ಲೋ ಹೋಯಿತು.

ಕಸುಬಿನವರಿಗೆ ನಾನು ಹೇಳಬೇಕಾದ್ದು ಜಾಸ್ತಿ ಇಲ್ಲ, ನಿಮಗೆ ಗೊತ್ತಿರುವುದೇ. ಬ್ಲೇಡು ಹಲಗೆಯ ಮೇಲೆ ಒಂದು ಹಲ್ಲಿನಷ್ಟು ಕಂಡರೆ ಸಾಕು. ಗೈಡ್ ಪಟ್ಟಿ ಬ್ಲೇಡಿಗೆ ಸಮನಾಗಿದೆಯೇ ಅಂತ ಮುಂದೊಮ್ಮೆ, ಹಿಂದೊಮ್ಮೆ ಅಳತೆ ಹಿಡಿದು ನೋಡಿ. ಹಿಂದೆ ಬಿಗಿಯಾಗಿದ್ದರೆ ಒದ್ದೇ ಒದೆಯುತ್ತದೆ. ಒಂದು ತಪ್ಪನ್ನು ಮಾತ್ರ ಹಳಬರೂ ಮಾಡುತ್ತಾರೆ. ಚಿಕ್ಕ ಚಿಕ್ಕ ತುಂಡು ಒಂದೇ ಅಳತೆಗೆ ಅಡ್ಡ ಕತ್ತರಿಸುವಾಗ ತುದಿಯನ್ನು ಗೈಡ್ ಪಟ್ಟಿಗೆ ಆನಿಸುವುದು. ತುಂಡಾದದ್ದು ಪಟ್ಟಿಗೂ ಬ್ಲೇಡಿಗೂ ನಡುವೆ ಸಿಕ್ಕಿ ತಿರುಗಿ ಗುಂಡಿನ ಹಾಗೆ ಹಾರುತ್ತದೆ. ಪಟ್ಟಿಗೆ ಒಂದು ಮರದ ದಿಮ್ಮಿಯನ್ನು ಬ್ಲೇಡಿಗಿಂತ ಒಂದು ಗೇಣು ಈಚೆಗೇ ಕ್ಲಾಂಪ್ ಹಾಕಿ, ಅಳತೆ ಅದಕ್ಕೆ ಆನಿಸಿ. ತುಂಡಾಗುವ ಹೊತ್ತಿಗೆ ಪಕ್ಕದಲ್ಲಿ ಜಾಗ ಇರುತ್ತದೆ. ಇಯರ್‌ಫೋನಿನಲ್ಲಿ ಹಾಡು ಹಾಕಿಕೊಂಡು ಕೊಯ್ಯುವವರಿಗೆ ನಾನು ಏನೂ ಹೇಳುವುದಿಲ್ಲ, ಅವರಿಗೆ ಕೇಳಿಸುವುದೂ ಇಲ್ಲ.

ತಳ್ಳುಕೋಲಿನ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಉದ್ದ ಕಡ್ಡಿಯಲ್ಲಿ ತಳ್ಳಿದರೆ ಹಲಗೆ ಮುಂದಕ್ಕೆ ಹೋಗುತ್ತದೆ, ಅದುಮಿ ಹಿಡಿದಂತೆ ಆಗುವುದಿಲ್ಲ. ಚಪ್ಪಲಿಯ ಆಕಾರದ್ದು ಒಳ್ಳೆಯದು. ತಳ ಉದ್ದಕ್ಕೆ ಚಪ್ಪಟೆ, ಹಿಂದೆ ಹಿಮ್ಮಡಿಯ ಹಾಗೆ ಒಂದು ಕಟ್ಟು, ಮೇಲೆ ಗರಗಸದ ಹಿಡಿಯಂಥ ಹಿಡಿ. ತಳ ಹಲಗೆಯನ್ನು ಅದುಮುತ್ತದೆ, ಹಿಮ್ಮಡಿ ತಳ್ಳುತ್ತದೆ. ಬ್ಲೇಡು ಏನಾದರೂ ಕಚ್ಚಿದರೆ ಪ್ಲೈವುಡ್ಡನ್ನು ಕಚ್ಚಲಿ. ನನ್ನ ಶೆಡ್ಡಿನಲ್ಲಿ ನೇತುಹಾಕಿರುವ ಐದರಲ್ಲಿ ನಾಲ್ಕಕ್ಕೆ ಕಚ್ಚಿದ ಗುರುತಿದೆ.

ಎಂಟು ನಾಲ್ಕರ ಒಂದು ಶೀಟಿನಲ್ಲಿ ಇಂಥವು ಎಂಬತ್ತಕ್ಕೆ ಕಡಿಮೆ ಇಲ್ಲದೆ ಆಗುತ್ತವೆ. ನಮ್ಮ ಜಿಲ್ಲೆಯಲ್ಲಿ ಮುಂದಿನ ತರಬೇತಿ ಯಾವಾಗ, ಎಷ್ಟು ಜನ ಅಂತ ತಿಳಿಸಿ. ಅಷ್ಟನ್ನೂ ನಾನೇ ಕೊಯ್ದು, ಅಂಚು ಉಜ್ಜಿ, ನೇತುಹಾಕುವುದಕ್ಕೆ ತೂತು ಹೊಡೆದು ತಂದುಕೊಡುತ್ತೇನೆ. ಶೀಟಿನ ದುಡ್ಡೂ ಬೇಡ. ಮಷಿನಿಗೆ ಬೆನ್ನುತಗಡು ಹಾಕಿಸುವುದು ಮಾತ್ರ ನಿಮ್ಮ ಕಡೆಯಿಂದ ಆಗಬೇಕು.

ಇಂತಿ ನಿಮ್ಮ,
ಒಬ್ಬ ಬಡಗಿ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ